ಆಹಾರ ಬೇರೆ, ಔಷಧ ಬೇರೆ

ಮೊದಲು ಸಂತೆಯ ದಿನ ಗಿರಾಕಿಗಳು ಕಿರಾಣಿ ಅಂಗಡಿಗೆ ಬರುವಾಗ ಸಾಮಾನಿನ ಯಾದಿ ತರುತ್ತಿದ್ದರು. ಈಗ ಯಾದಿಯ ಜೊತೆಗೆ ಮೊಬೈಲನ್ನೂ ನಮ್ಮ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಯಾರೋ ಕಳಿಸಿದ ಒಂದು ಸಂದೇಶ ಇರುತ್ತದೆ. ಮೆಂತ್ಯ ನೆನೆಹಾಕಿ ಕುಡಿದರೆ ನಲವತ್ತು ದಿನದಲ್ಲಿ ಸಕ್ಕರೆ ರೋಗ ಮಾಯ, ಅರಿಷಿಣ ತಿಂದರೆ ಕ್ಯಾನ್ಸರ್ ಕರಗುತ್ತದೆ, ದಾಳಿಂಬೆ ರಸದಿಂದ ಎಂಟೇ ದಿನದಲ್ಲಿ ರಕ್ತ ಏರುತ್ತದೆ, ಜೋಳದ ರೊಟ್ಟಿ ತಿನ್ನುವವರಿಗೆ ಗುಳಿಗೆಯೇ ಬೇಡ. ಹೀಗೆ ದಿನಕ್ಕೊಂದು. “ಅಣ್ಣಾರ, ಇದು ಖರೇನೋ ಸುಳ್ಳೋ, ನೀವ ಹೇಳ್ರಿ” ಎಂದು ಕೇಳುತ್ತಾರೆ.

ಅವರು ವ್ಯಾಪಾರಿಯನ್ನು ಕೇಳುವುದಕ್ಕೆ ಕಾರಣವಿದೆ. ನಮ್ಮ ಜತ್ತ ತಾಲೂಕಿನ ಉಮದಿ, ಸಂಖದ ಕಡೆಯವರು ದೊಡ್ಡ ದವಾಖಾನೆ ಕಾಣಬೇಕಾದರೆ ಮಿರಜ್, ಸಾಂಗ್ಲಿ, ಸೊಲ್ಲಾಪುರ ಇಲ್ಲವೆ ವಿಜಾಪುರಕ್ಕೆ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ತಪಾಸಣೆಯ ಖರ್ಚು ಬೇರೆ. ಅಂಗಡಿಯಾದರೆ ಹತ್ತಿರದಲ್ಲಿದೆ, ಅಂಗಡಿಕಾರನೂ ಪರಿಚಯದವನು. ಹೀಗಾಗಿ ಎಷ್ಟೋ ಸಲ ವ್ಯಾಪಾರಿಯ ಮಾತೇ ವೈದ್ಯರ ಮಾತಿನಂತೆ ನಡೆಯುತ್ತದೆ. ನಾವು ಮ್ಯಾಟ್ರಿಕ್‌ವರೆಗೆ ಕಲಿತವರು, ವೈದ್ಯರಲ್ಲ. ಆದರೆ ನಾವು ತೂಗಿ ಕೊಡುವ ಪದಾರ್ಥದಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿದುಕೊಳ್ಳುವುದು ನಮ್ಮ ಕಸುಬಿಗೆ ಸೇರಿದ ಕೆಲಸ. ಆ ದೃಷ್ಟಿಯಿಂದ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇವೆ.

ಗಾದೆ ಹೇಳುವುದೇನು?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಎಲ್ಲರಿಗೂ ಗೊತ್ತಿರುವ ಗಾದೆ. ಇದನ್ನು ಸರಿಯಾಗಿ ಗಮನಿಸಬೇಕು. ಹಿತಮಿತವಾಗಿ ಉಣ್ಣುವವನಿಗೆ ರೋಗ ಬರುವುದು ಕಡಿಮೆ ಎಂದು ಗಾದೆ ಹೇಳುತ್ತದೆ. ಬಂದ ರೋಗ ಊಟದಿಂದಲೇ ಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಬಾರದಂತೆ ತಡೆಯುವುದು ಒಂದು, ಬಂದದ್ದನ್ನು ಗುಣಪಡಿಸುವುದು ಇನ್ನೊಂದು. ಈಗಿನ ಗೊಂದಲವೆಲ್ಲ ಇವೆರಡನ್ನು ಕಲಸಿದ್ದರಿಂದ ಆಗಿದೆ.

ನಮ್ಮ ಪೂರ್ವಾಚಾರ್ಯರು ಇದನ್ನು ಕಲಸಲಿಲ್ಲ. ದಾನದಲ್ಲಿ ನಾಲ್ಕು ಬಗೆ ಹೇಳಿದ್ದಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ಆಹಾರದಾನವೇ ಔಷಧದಾನವೂ ಆಗುವುದಿದ್ದರೆ ಎರಡನ್ನು ಬೇರೆಬೇರೆಯಾಗಿ ಎಣಿಸುವ ಕಾರಣವಿರಲಿಲ್ಲ. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ದೊಡ್ಡ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಅದು 1940ರಲ್ಲಿ ನಮ್ಮ ಪಕ್ಕದ ಸೊಲ್ಲಾಪುರದಿಂದಲೇ ಅಚ್ಚಾಗಿ ಹೊರಬಂತು. ಪೂಜ್ಯಪಾದರ ವೈದ್ಯಗ್ರಂಥವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆ ಮಾಡುವುದು ಹೇಗೆಂಬುದು ಇವರ ವಿಚಾರವಾಗಿತ್ತು. ಅಹಿಂಸೆಯನ್ನು ಪಾಲಿಸುವವರು ಚಿಕಿತ್ಸೆಯನ್ನು ಬಿಡಬೇಕೆಂದು ಅವರು ಹೇಳಲಿಲ್ಲ. ಚಿಕಿತ್ಸೆಯನ್ನೇ ಶಾಸ್ತ್ರವಾಗಿ ಕಲಿತು ಬರೆದಿಟ್ಟರು.

ಅರಿಷಿಣದ ಮಾತು

ಸಾಂಗ್ಲಿ ಎಂದರೆ ಅರಿಷಿಣದ ಪೇಟೆ. ಹಿಂದೆ ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ಮಾಲು ತುಂಬಿಡುತ್ತಿದ್ದರು. 2018ರಲ್ಲಿ ಸಾಂಗ್ಲಿ ಅರಿಷಿಣಕ್ಕೆ ಸರಕಾರದಿಂದ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮಲ್ಲಿ ಹಸಿ ಅರಿಷಿಣವನ್ನು ಕಂದಮೂಲವೆಂದು ಬಿಟ್ಟವರು ಕೂಡ ಒಣಗಿಸಿದ ಅರಿಷಿಣವನ್ನು ದಿನಾಲು ಬಳಸುತ್ತಾರೆ. ಆದ್ದರಿಂದ ಈ ಪದಾರ್ಥದ ಬಗ್ಗೆ ನಮಗೆ ಅಭಿಮಾನವಿರುವುದು ಸಹಜ.

ಅರಿಷಿಣದ ದೊಡ್ಡತನಕ್ಕೆ ಎಲ್ಲರೂ ಕೊಡುವ ಸಾಕ್ಷಿ ಅಮೆರಿಕದ ಪೇಟೆಂಟಿನದು. 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಷಿಣ ಬಳಸುವ ವಿಧಾನದ ಮೇಲೆ ಅಲ್ಲಿನ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ, ಡಾ. ರಘುನಾಥ ಮಾಶೇಲಕರರ ನೇತೃತ್ವದಲ್ಲಿ 1996ರಲ್ಲಿ ಅದನ್ನು ಪ್ರಶ್ನಿಸಿತು. ಹಳೆಯ ಗ್ರಂಥ, ಲೇಖನಗಳ ಆಧಾರ ಒದಗಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇದು ಹೆಮ್ಮೆಯ ಸಂಗತಿಯೇ. ಆದರೆ ಪೇಟೆಂಟ್ ರದ್ದಾದ ಕಾರಣವನ್ನು ಹಲವರು ತಪ್ಪಾಗಿ ಹೇಳುತ್ತಾರೆ. ‘ಇದು ಹೊಸದಲ್ಲ, ಭಾರತದಲ್ಲಿ ಮೊದಲಿನಿಂದಲೂ ಇದೆ’ ಎಂಬುದು ಅಲ್ಲಿ ಸಿದ್ಧವಾಯಿತು. ಅರಿಷಿಣ ಎಲ್ಲ ರೋಗವನ್ನೂ ಗುಣಪಡಿಸುತ್ತದೆ ಎಂದು ಅಲ್ಲಿ ಯಾರೂ ಸಿದ್ಧಮಾಡಲಿಲ್ಲ. ಆ ಪ್ರಶ್ನೆಯೇ ಅಲ್ಲಿರಲಿಲ್ಲ.

ಈಗ ತಕ್ಕಡಿಯ ಲೆಕ್ಕಕ್ಕೆ ಬರೋಣ. ಅರಿಷಿಣದಲ್ಲಿ ಗುಣವುಳ್ಳದ್ದೆಂದು ವಿಜ್ಞಾನಿಗಳು ಹೇಳುವ ವಸ್ತು ಕರ್ಕ್ಯುಮಿನ್. ಒಳ್ಳೆಯ ಮಾಲಿನಲ್ಲಿಯೂ ಅದು 100 ಗ್ರಾಮಿಗೆ 2ರಿಂದ 5 ಗ್ರಾಂ ಇರುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಆರೋಗ್ಯವಂತರಿಗೆ ಒಂದೇ ಸಲಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದಾಗ, ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆಂಬಷ್ಟು ಕಡಿಮೆ. ಮೆಣಸಿನ ಕಾಳಿನಲ್ಲಿರುವ ಪೈಪರೀನ್ ಎಂಬ ಅಂಶವನ್ನು 20 ಮಿಲಿಗ್ರಾಂ ಸೇರಿಸಿದಾಗ ಮೊದಲಿಗಿಂತ ಸುಮಾರು 20 ಪಟ್ಟು ಹೆಚ್ಚಾಯಿತು. ‘ಅರಿಷಿಣಕ್ಕೆ ಮೆಣಸು ಸೇರಿಸಿದರೆ 2000 ಪ್ರತಿಶತ ಶಕ್ತಿ’ ಎಂದು ಡಬ್ಬಿಗಳ ಮೇಲೆ ಬರುವುದು ಇದರಿಂದಲೇ. ಆದರೆ ಮೂಲದಲ್ಲಿ ಒಂದು ಪೈಸೆ ಇದ್ದದ್ದು 20 ಪೈಸೆಯಾದರೆ ಯಾರೂ ಶ್ರೀಮಂತರಾಗುವುದಿಲ್ಲ. ಅಲ್ಲದೆ ಆ 2 ಗ್ರಾಂ ಕರ್ಕ್ಯುಮಿನ್ ಸಿಗಬೇಕಾದರೆ 100ಕ್ಕೆ 3ರ ಲೆಕ್ಕದಲ್ಲಿ 65 ಗ್ರಾಮಿಗೂ ಹೆಚ್ಚು ಅರಿಷಿಣ ಪುಡಿ ಬೇಕು. ಒಂದು ಮನೆಯ ಸಾರು-ಪಲ್ಯಕ್ಕೆ ಅದು ಎಷ್ಟು ದಿನ ಬಂದೀತೆಂದು ನಮ್ಮ ತಾಯಂದಿರೇ ಲೆಕ್ಕ ಹಾಕಲಿ.

ಹಾಗಾದರೆ ಅರಿಷಿಣ ಕೆಲಸಕ್ಕೆ ಬಾರದ್ದೋ? ಹಾಗಲ್ಲ. ಅಡಿಗೆಗೆ ಬಣ್ಣ, ವಾಸನೆ, ರುಚಿ ಕೊಡುತ್ತದೆ. ಊಟದ ಪ್ರಮಾಣದಲ್ಲಿ ಅದರಿಂದ ಹಾನಿಯಿಲ್ಲ. ಪ್ರಯೋಗಶಾಲೆಯ ಕಾಚಿನ ಬಟ್ಟಲಿನಲ್ಲಿ ಕರ್ಕ್ಯುಮಿನ್ ಹಲವು ಗುಣ ತೋರಿಸಿದೆ ಎಂಬುದೂ ನಿಜ. ಆದರೆ ಬಟ್ಟಲಿನಲ್ಲಿ ಕಂಡದ್ದು ಮನುಷ್ಯನ ಶರೀರದಲ್ಲಿ ಕಾಣಲಿಲ್ಲ. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರದ ತಜ್ಞರು ಅದುವರೆಗಿನ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿ, ಕರ್ಕ್ಯುಮಿನ್‌ನಿಂದ ರೋಗ ಗುಣವಾಗುತ್ತದೆ ಎನ್ನಲು ಸರಿಯಾದ ಆಧಾರವಿಲ್ಲವೆಂದು ಬರೆದರು. ಬಹಳ ಬಲವುಳ್ಳ ಅರಿಷಿಣದ ಕ್ಯಾಪ್ಸೂಲ್ ನುಂಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ದಾಖಲಾಗಿವೆ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿದ್ಧು ಅವರು, ತಮ್ಮ ಪತ್ನಿಯ ಕ್ಯಾನ್ಸರ್ ವಾಸಿಯಾಗಲು ಹಸಿ ಅರಿಷಿಣ, ಬೇವಿನ ಎಲೆ, ನಿಂಬೆನೀರು, ಉಪವಾಸಗಳು ಕಾರಣವಾದವೆಂದು ಹೇಳಿದ್ದು ದೇಶವೆಲ್ಲ ಹರಡಿತು. ಕೂಡಲೇ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಇಂದಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಮಾಡಿ, ಇದಕ್ಕೆ ಆಧಾರವಿಲ್ಲ, ಚಿಕಿತ್ಸೆ ತಡಮಾಡಬೇಡಿ ಎಂದು ತಿಳಿಸಿದರು. ಆ ತಾಯಿಗೆ ಶಸ್ತ್ರಚಿಕಿತ್ಸೆಯೂ ಕಿಮೊಥೆರಪಿಯೂ ಆಗಿದ್ದವು. ಜನರ ಮೊಬೈಲಿಗೆ ಬಂದದ್ದು ಮಾತ್ರ ಅರಿಷಿಣ ಮತ್ತು ಬೇವಿನ ಸುದ್ದಿ.

ಮೆಂತ್ಯ ಮತ್ತು ಸಕ್ಕರೆ ರೋಗ

ಮೆಂತ್ಯದ ವಿಷಯ ಹಾಗಲ್ಲ. ಇದರಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೇ ಮೋಸ ಹೋಗುವುದು ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇನ್ಸುಲಿನ್ ಅವಶ್ಯವಿರುವ ರೋಗಿಗಳಿಗೆ 10 ದಿನ ಊಟದಲ್ಲಿ ಮೆಂತ್ಯ ಸೇರಿಸಿ ಕೊಟ್ಟರು. ರಕ್ತದ ಸಕ್ಕರೆ ಇಳಿಯಿತು, ಮೂತ್ರದಲ್ಲಿ ಹೋಗುವ ಸಕ್ಕರೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಇಲ್ಲಿಯವರೆಗೆ ಸಂದೇಶದಲ್ಲಿ ಬರುವುದು ಸರಿ.

ಆದರೆ ಕೊಟ್ಟದ್ದು ಎಷ್ಟು? ಜಿಡ್ಡು ತೆಗೆದ ಮೆಂತ್ಯದ ಪುಡಿ, ದಿನಕ್ಕೆ 100 ಗ್ರಾಂ. ಒಂದು ಚಹದ ಚಮಚೆ ಮೆಂತ್ಯ ತೂಗಿದರೆ ಸುಮಾರು 4 ಗ್ರಾಂ ಆಗುತ್ತದೆ. ಅಂದರೆ 25 ಚಮಚೆ. ರಾತ್ರಿ ಒಂದು ಚಮಚೆ ನೆನೆಹಾಕಿ ಬೆಳಿಗ್ಗೆ ಆ ನೀರು ಕುಡಿಯುವವರಿಗೆ ಈ ಪರೀಕ್ಷೆಯ ಫಲ ಅನ್ವಯಿಸುವುದಿಲ್ಲ. ಅನಂತರ ಇದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೂ ಸ್ವಲ್ಪ ಗುಣ ಕಂಡ ಪರೀಕ್ಷೆಗಳುಂಟು. ಮೆಂತ್ಯದ ನಾರಿನಂಶ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಅದು ಸಹಾಯ ಮಾಡುತ್ತದೆ, ರೋಗವನ್ನು ತೆಗೆಯುವುದಿಲ್ಲ. ಮೆಂತ್ಯ ಬಿಟ್ಟ ಮೇಲೆ ಗುಣವೂ ಉಳಿಯುವುದಿಲ್ಲ.

ನಮ್ಮ ಹಳೆಯ ಗಿರಾಕಿಗಳಲ್ಲಿ ಒಬ್ಬ ರೈತರಿದ್ದರು. ವಯಸ್ಸು ಐವತ್ತೆಂಟು. ಸಕ್ಕರೆ ರೋಗಕ್ಕೆ ಆರು ವರ್ಷದಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಯಾರೋ ಹೇಳಿದರೆಂದು ಗುಳಿಗೆ ಬಿಟ್ಟು ಮೆಂತ್ಯದ ನೀರು ಹಿಡಿದರು. ಮೈಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಕಾಣುವುದೂ ಇಲ್ಲ, ಏಕೆಂದರೆ ಈ ರೋಗ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಬಹುದಿನ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಜೋಮು ಹಿಡಿಯುತ್ತವೆ. ಹೊಲದಲ್ಲಿ ಜಾಲಿಯ ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಗಾಯ ಕೀವಾದಾಗ ಅರಿಷಿಣ ಮೆತ್ತಿದರು. ಮನೆಯವರು ಮಿರಜಿಗೆ ಒಯ್ಯುವಾಗ ಹದಿನೈದು ದಿನ ಕಳೆದಿದ್ದವು. ಜೀವ ಉಳಿಯಿತು, ಬಲಗಾಲಿನ ಎರಡು ಬೆರಳು ಹೋದವು. ದವಾಖಾನೆಯ ಬಿಲ್ಲಿಗಾಗಿ ಒಂದು ಜೊತೆ ಎತ್ತು ಮಾರಬೇಕಾಯಿತು. ಮೆಂತ್ಯವಾಗಲಿ ಅರಿಷಿಣವಾಗಲಿ ಅವರಿಗೆ ಹಾನಿ ಮಾಡಲಿಲ್ಲ. ಗುಳಿಗೆ ಬಿಟ್ಟದ್ದೂ ದಿನ ಕಳೆದದ್ದೂ ಹಾನಿ ಮಾಡಿದವು. ಆಹಾರದಿಂದ ರೋಗ ವಾಸಿ ಎಂಬ ಸುಳ್ಳು ಸುದ್ದಿಯ ನಿಜವಾದ ಅಪಾಯ ಇದೇ.

ದಾಳಿಂಬೆಯ ಕೆಂಪು

ಜತ್ತದ ದಾಳಿಂಬೆ ದೂರದ ಪೇಟೆಗಳಿಗೆ ಹೋಗುತ್ತದೆ. ನಮ್ಮ ಒಣ ಭೂಮಿಯ ರೈತರಿಗೆ ಅದು ದೊಡ್ಡ ಆಧಾರ. ಬಣ್ಣ ಕೆಂಪು ಇರುವುದರಿಂದ ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆ ಬಂದಿದೆ. ರಕ್ತಹೀನತೆಗೆ ಮುಖ್ಯವಾಗಿ ಬೇಕಾದದ್ದು ಕಬ್ಬಿಣದ ಅಂಶ. ದಾಳಿಂಬೆಯ 100 ಗ್ರಾಂ ಕಾಳಿನಲ್ಲಿ ಅದು ಸುಮಾರು 0.3 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಪ್ರಾಯದ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ದಾಳಿಂಬೆಯೊಂದರಿಂದಲೇ ಇದನ್ನು ತುಂಬಬೇಕಾದರೆ ದಿನಕ್ಕೆ ಒಂಬತ್ತು ಕಿಲೋಗಿಂತ ಹೆಚ್ಚು ಬಿಡಿಸಿದ ಕಾಳು ತಿನ್ನಬೇಕು!

ಬಣ್ಣವಿಲ್ಲದ ಸಜ್ಜೆಯಲ್ಲಿ 100 ಗ್ರಾಮಿಗೆ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದೆ. ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಮೇಲೆ ಸ್ವಲ್ಪ ನಿಂಬೆರಸ ಇದ್ದರೆ ಬಡವರ ಮನೆಯಲ್ಲಿಯೂ ಒಳ್ಳೆಯ ಊಟವಾಯಿತು. ನಿಂಬೆಯ ಹುಳಿಯಲ್ಲಿರುವ ‘ಸಿ’ ಜೀವಸತ್ವ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಊಟವಾದ ಕೂಡಲೇ ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಇಷ್ಟಾದರೂ ರಕ್ತ ಬಹಳ ಕಡಿಮೆಯಾದವರಿಗೆ, ಮುಖ್ಯವಾಗಿ ಬಸುರಿಯರಿಗೆ, ಊಟವೊಂದರಿಂದಲೇ ತುಂಬಿ ಬರುವುದಿಲ್ಲ. ಸರಕಾರಿ ದವಾಖಾನೆಯಲ್ಲಿ ಬಸುರಿಯರಿಗೆ ಪುಕ್ಕಟೆ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ‘ಗುಳಿಗೆ ಉಷ್ಣ, ದಾಳಿಂಬೆ ಸಾಕು’ ಎಂದು ಸೊಸೆಗೆ ಹೇಳುವ ಅತ್ತೆಯರು ಈ ಎರಡು ಅಂಕಿಗಳನ್ನು ಹೋಲಿಸಿ ನೋಡಬೇಕು. ದಾಳಿಂಬೆ ರುಚಿಯಾದ ಒಳ್ಳೆಯ ಹಣ್ಣು. ಹಣ್ಣೆಂದು ತಿನ್ನೋಣ.

ಜೋಳದ ರೊಟ್ಟಿ

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ನಮ್ಮ ಜೋಳ-ಸಜ್ಜೆಗಳಿಗೆ ಪಟ್ಟಣದಲ್ಲಿ ಮಾನ ಬಂತು. ಇದು ಸಂತೋಷದ ಮಾತು. ಜೊತೆಗೆ ‘ಸಕ್ಕರೆ ರೋಗ ನಿವಾರಕ’ ಎಂಬ ಚೀಟಿಯೂ ಹಿಟ್ಟಿನ ಚೀಲಗಳ ಮೇಲೆ ಬಂತು. 100 ಗ್ರಾಂ ಜೋಳದಲ್ಲಿಯೂ 100 ಗ್ರಾಂ ಗೋದಿಯಲ್ಲಿಯೂ ಪಿಷ್ಟ ಸುಮಾರು 65 ಗ್ರಾಮಿನ ಆಸುಪಾಸಿನಲ್ಲಿದೆ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ಅಗಿದು ತಿನ್ನಬೇಕು, ಹೊಟ್ಟೆ ಬೇಗ ತುಂಬುತ್ತದೆ. ಅಷ್ಟು ಲಾಭ ಖರೆ. ಆದರೆ ಜೋಳವೆಂದು ನಾಲ್ಕು ರೊಟ್ಟಿ ತಿಂದರೆ ನಾಲ್ಕು ರೊಟ್ಟಿಯ ಸಕ್ಕರೆ ರಕ್ತಕ್ಕೆ ಹೋಗಿಯೇ ಹೋಗುತ್ತದೆ.

ಜೋಳದ ಇನ್ನೊಂದು ಕಥೆಯನ್ನು ಇಂದಿನ ತರುಣರು ಕೇಳಿಲ್ಲ. 1960ರಲ್ಲಿ ಹೈದರಾಬಾದಿನ ಪೋಷಣ ತಜ್ಞರಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಾಂತಯ್ಯ, ದಖ್ಖನ್ ಸೀಮೆಯಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿ ಕಾಣುವ ಪೆಲ್ಲಾಗ್ರ ಎಂಬ ರೋಗದ ಬಗ್ಗೆ ಬರೆದರು. ಬಿಸಿಲು ಬೀಳುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಒಡೆಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಆಗುವ ರೋಗವಿದು. ಅದು ಶೇಂಗಾದಲ್ಲಿ ಚೆನ್ನಾಗಿದೆ. ಹಾಲು, ಬೇಳೆಗಳ ಪ್ರೋಟೀನಿನಿಂದಲೂ ಶರೀರ ಅದನ್ನು ಮಾಡಿಕೊಳ್ಳುತ್ತದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಬೇಳೆ, ಮಜ್ಜಿಗೆ ಇರಬೇಕೆಂಬ ನಮ್ಮ ಹಿರಿಯರ ಪದ್ಧತಿ ಎಷ್ಟು ಸರಿಯಾದದ್ದೆಂದು ಇದರಿಂದ ತಿಳಿಯುತ್ತದೆ. ಯಾವ ಒಂದು ಧಾನ್ಯವೂ ಅಮೃತವಲ್ಲ. ಬಗೆಬಗೆಯ ಊಟವೇ ಒಳ್ಳೆಯದು.

ಆಹಾರವೇ ಮದ್ದಾಗುವುದು ಎಲ್ಲಿ?

ಪೆಲ್ಲಾಗ್ರದ ಉದಾಹರಣೆಯಿಂದ ಒಂದು ನಿಯಮ ಸಿಗುತ್ತದೆ. ಊಟದಲ್ಲಿ ಏನೋ ಒಂದರ ಕೊರತೆಯಾಗಿ ಬಂದ ರೋಗಕ್ಕೆ, ಆ ವಸ್ತುವನ್ನು ಊಟದಲ್ಲಿ ತುಂಬಿಕೊಟ್ಟರೆ ಅದೇ ಮದ್ದು. ಬೇರೆ ಕಾರಣದಿಂದ ಬಂದ ರೋಗಕ್ಕೆ ಊಟ ಸಹಾಯಕ ಮಾತ್ರ. ಸಂದೇಶ ಓದುವಾಗ ಈ ಒಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಗೊಂದಲ ತೀರುತ್ತದೆ.

ಕೊರತೆ ತುಂಬಿ ಗೆದ್ದ ದೊಡ್ಡ ಉದಾಹರಣೆ ನಮ್ಮ ಅಂಗಡಿಯ ಉಪ್ಪು. ಹಿಮಾಲಯದ ಬುಡದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಬಹಳವಿತ್ತು. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ಭಾಗ ಮಾಡಿ, ಎರಡರಲ್ಲಿ ಅಯೋಡಿನ್ ಬೆರೆಸಿದ ಉಪ್ಪು, ಒಂದರಲ್ಲಿ ಸಾದಾ ಉಪ್ಪು ಒದಗಿಸಿದರು. ಕೆಲವು ವರ್ಷಗಳಲ್ಲಿ ಮೊದಲಿನ ಎರಡರಲ್ಲಿ ಗಳಗಂಡ ಇಳಿಯಿತು, ಸಾದಾ ಉಪ್ಪಿನ ಭಾಗದಲ್ಲಿ ಹಾಗೆಯೇ ಉಳಿಯಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಸತ್ಯವನ್ನು ಪರೀಕ್ಷಿಸುವ ರೀತಿ ಇದು: ಕೊಟ್ಟವರನ್ನು ಕೊಡದವರ ಜೊತೆ ಹೋಲಿಸಿ, ವರ್ಷಗಟ್ಟಲೆ ಕಾದು ಎಣಿಸಬೇಕು. ‘ನಮ್ಮ ಸೋದರಮಾವನಿಗೆ ಗುಣವಾಯಿತು’ ಎಂಬುದು ಪರೀಕ್ಷೆಯಾಗುವುದಿಲ್ಲ. ಅಂದಹಾಗೆ, ಗುಲಾಬಿ ಬಣ್ಣದ ಸೈಂಧವ ಲವಣದಿಂದ ರಕ್ತದೊತ್ತಡ ಇಳಿಯುತ್ತದೆ ಎಂಬುದು ಸುಳ್ಳು. ಅದರಲ್ಲಿಯೂ ಬಹುಪಾಲು ಅದೇ ಉಪ್ಪು, ಬೆರೆಸಿದ ಅಯೋಡಿನ್ ಮಾತ್ರ ಇಲ್ಲ. ವ್ರತದ ದಿನ ಬಳಸುವುದು ಬೇರೆ, ವರ್ಷವಿಡೀ ಅದನ್ನೇ ತಿನ್ನುವುದು ಬೇರೆ.

ನಮ್ಮಂಥ ಶಾಕಾಹಾರಿಗಳು ತಿಳಿದಿರಬೇಕಾದ ಇನ್ನೊಂದು ಕೊರತೆ ‘ಬಿ-12’ ಜೀವಸತ್ವದ್ದು. ಕೈಕಾಲು ಜೋಮು, ನಿಶ್ಶಕ್ತಿ, ಮರೆವು ಇದರ ಲಕ್ಷಣಗಳು. ಕಾಳು, ಕಾಯಿಪಲ್ಯಗಳಲ್ಲಿ ಇದು ಇಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಸಕ್ಕರೆ ರೋಗಕ್ಕೆ ಬಹಳ ವರ್ಷ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇನ್ನಷ್ಟು ಕಡಿಮೆಯಾಗಬಹುದು. ರಕ್ತ ತಪಾಸಣೆ ಮಾಡಿಸಿ ವೈದ್ಯರು ಹೇಳಿದಂತೆ ತುಂಬಿಕೊಂಡರಾಯಿತು. ಇದರಿಂದ ನಮ್ಮ ಅಹಿಂಸಾ ಆಹಾರಕ್ಕೆ ಕುಂದಿಲ್ಲ.

ವ್ಯಾಪಾರಿಯ ವ್ರತ

ಈಗ ನಮ್ಮ ಗಲ್ಲೆಯ ಮಾತು. ಶ್ರಾವಕನ ಸತ್ಯವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಅಂದರೆ ಸುಳ್ಳು ಉಪದೇಶ. ಅಚೌರ್ಯವ್ರತದ ಅತಿಚಾರಗಳಲ್ಲಿ ತೂಕದ ಮೋಸದ ಜೊತೆಗೆ ಪ್ರತಿರೂಪಕ ವ್ಯವಹಾರವೂ ಬರುತ್ತದೆ, ಅಂದರೆ ಕಲಬೆರಕೆ. ‘ಇದನ್ನು ತಿಂದರೆ ಶುಗರ್ ಹೋಗತೈತಿ’ ಎಂದು ಹೇಳಿ ಕಾಲು ಕಿಲೋ ಹೆಚ್ಚು ಮಾರಿದರೆ ತಕ್ಕಡಿ ಸರಿಯಿದ್ದರೂ ಮೊದಲನೆಯ ದೋಷ ತಪ್ಪುವುದಿಲ್ಲ.

ಎರಡನೆಯದಕ್ಕೆ ಬಾಂಗ್ಲಾದೇಶದ ಉದಾಹರಣೆ ಸಾಕು. 1980ರ ದಶಕದಲ್ಲಿ ಅಲ್ಲಿ ಮಹಾಪೂರದಿಂದ ಅರಿಷಿಣ ತೊಯ್ದು ಬಣ್ಣಗೆಟ್ಟಾಗ, ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುವ ರೂಢಿ ಬಿತ್ತು. ಸೀಸ ಮಕ್ಕಳ ಬುದ್ಧಿಗೆ ವಿಷ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಢಾಕಾದ ಸಂಶೋಧಕರೂ ಕೂಡಿ 2019ರಲ್ಲಿ ಇದನ್ನು ಬಯಲಿಗೆ ತಂದರು. ಆಗ ಪೇಟೆಯ ನೂರು ನಮೂನೆಗಳಲ್ಲಿ 47ರಲ್ಲಿ ಸೀಸ ಕಂಡಿತ್ತು. ಸರಕಾರ ಬಿಗಿ ಮಾಡಿತು, ವ್ಯಾಪಾರಿಗಳಿಗೆ ತಿಳಿವಳಿಕೆ ಕೊಟ್ಟರು, 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಆರೋಗ್ಯಕ್ಕೆಂದು ಹಾಲಿಗೆ ಹಾಕುವ ಅರಿಷಿಣವೇ ವಿಷವಾಗದಂತೆ ನೋಡಿಕೊಳ್ಳುವುದು ಅರಿಷಿಣದ ಮಹಿಮೆ ಹೇಳುವುದಕ್ಕಿಂತ ದೊಡ್ಡ ಸೇವೆ. ಮನಸ್ಸು ಮಾಡಿದರೆ ಪೇಟೆ ಎರಡೇ ವರ್ಷದಲ್ಲಿ ಶುದ್ಧವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಕಾಯ್ದೆಯೂ ಸ್ಪಷ್ಟವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಯಾದಿಯಲ್ಲಿ ಸಕ್ಕರೆ ರೋಗ, ಕ್ಯಾನ್ಸರ್, ರಕ್ತದೊತ್ತಡ ಸೇರಿ 54 ರೋಗಗಳಿದ್ದು, ಅವು ಗುಣವಾಗುತ್ತವೆಂದು ಜಾಹೀರಾತು ಮಾಡುವುದು ಅಪರಾಧ. ಆಹಾರ ಪದಾರ್ಥ ರೋಗ ವಾಸಿಮಾಡುತ್ತದೆ ಎಂದು ಹೇಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವಿದೆ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವುಂಟು. ಭಾರತೀಯ ವೈದ್ಯಕೀಯ ಸಂಘವು 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ, ಪತಂಜಲಿಯಂಥ ದೊಡ್ಡ ಕಂಪನಿಯೂ 2024ರಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಕೋರಬೇಕಾಯಿತು. ಆಗಸ್ಟಿನಲ್ಲಿ ನ್ಯಾಯಾಲಯ ಆ ನಿಂದನೆಯ ವಿಚಾರಣೆ ಮುಗಿಸಿತು. ದೊಡ್ಡವರಿಗೇ ಹೀಗಾದರೆ ಸಣ್ಣ ಅಂಗಡಿಗಳವರು ಎಚ್ಚರದಿಂದ ಇರುವುದು ಲೇಸು.

ಮಾಡಬೇಕಾದದ್ದು

ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿರಿ: ಇದು ಕೊರತೆಯ ರೋಗವೋ ಬೇರೆಯೋ? ಎಷ್ಟು ತೂಕ ಕೊಟ್ಟು, ಎಷ್ಟು ಜನರಲ್ಲಿ ನೋಡಿದರು? ಹೇಳುವವನು ಅದನ್ನೇ ಮಾರುವವನೋ? ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿರಿ. ಮನೆಮದ್ದು ಮಾಡುವುದಿದ್ದರೆ ವೈದ್ಯರಿಗೆ ತಿಳಿಸಿ ಗುಳಿಗೆಯ ಜೊತೆಗೆ ಮಾಡಿರಿ, ಗುಳಿಗೆಯ ಬದಲಿಗೆ ಬೇಡ. ಸಕ್ಕರೆ ರೋಗದವರು ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಮೊದಲು, ಗುಳಿಗೆ ಮತ್ತು ಇನ್ಸುಲಿನ್ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳಿರಿ, ಏಕೆಂದರೆ ಹಸಿದ ಹೊಟ್ಟೆಯಲ್ಲಿ ಸಕ್ಕರೆ ಥಟ್ಟನೆ ಇಳಿದು ಎಚ್ಚರ ತಪ್ಪಬಹುದು.

ವ್ಯಾಪಾರಿ ಬಂಧುಗಳು ಅಂಗಡಿಯಲ್ಲಿ ‘ರೋಗ ನಿವಾರಕ’ ಎಂಬ ಚೀಟಿ, ಫಲಕಗಳಿದ್ದರೆ ತೆಗೆದುಹಾಕಿರಿ. ಗಿರಾಕಿ ಕೇಳಿದರೆ, “ಇದು ಉಣ್ಣಾಕ ಛಲೋ, ರೋಗಕ್ಕ ಡಾಕ್ಟರನ್ನ ಕೇಳ್ರಿ” ಎಂದರೆ ಸಾಕು. ಇನ್ನು ಬರುವ ಪರ್ವದಲ್ಲಿ ಪ್ರತಿ ಊರಿನ ಬಸದಿಯ ಆವರಣದಲ್ಲಿ ಒಂದು ದಿನ ಸಕ್ಕರೆ, ರಕ್ತದೊತ್ತಡ, ರಕ್ತಹೀನತೆಯ ತಪಾಸಣೆ ಇಡಿಸೋಣ. ಜಾತಿಮತ ನೋಡದೆ ಊರವರನ್ನೆಲ್ಲ ಕರೆಯೋಣ. ಖರ್ಚು ಹತ್ತು ಅಂಗಡಿಗಳು ಹಂಚಿಕೊಂಡರೆ ಭಾರವಾಗುವುದಿಲ್ಲ. ತಪಾಸಣೆಗೆ ಬಂದವರಿಗೆ ಆ ದಿನ ಆಹಾರದಾನವೂ ಔಷಧದಾನವೂ ಸಿಗಲಿ, ಎರಡೂ ಬೇರೆಬೇರೆಯಾಗಿ ಸಿಗಲಿ.

ಜಯ ಜಿನೇಂದ್ರ.